ಐಎಸ್ 2062 ಇ350 ಪ್ಲೇಟು: ಟನ್ನಿಗೆ ಅರ್ಧ ಕಿಲೋ ಫೆರೋ ನಯೋಬಿಯಂ ಮಾಡುವ ಕೆಲಸ

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಟಿಪ್ಪರ್ ಬಾಡಿ, ಟ್ರೇಲರ್ ಚಾಸಿ, ಕ್ರೇನ್ ಬೂಮ್, ಶೆಡ್ಡಿನ ಟ್ರಸ್ಸು, ಹೀಗೆ ಬಲವೇ ಮುಖ್ಯವಾದ ಕೆಲಸಕ್ಕೆ ಐಎಸ್ 2062 ಎಂಬ ಭಾರತೀಯ ಮಾನಕದ ಇ350 ಉಕ್ಕಿನ ಪ್ಲೇಟು ಒಳ್ಳೆಯ ಮಾಲು, ಕೊಟ್ಟ ದುಡ್ಡು ಖಂಡಿತ ವಾಪಸು ಬರುತ್ತದೆ. ಆದರೆ ಒಂದು ಷರತ್ತಿದೆ. ಆ ಪ್ಲೇಟಿನ ಬಲ ಇಂಗಾಲದಿಂದ ಬಂದಿರಬಾರದು. ನಯೋಬಿಯಂ, ವೆನೇಡಿಯಂ, ಟೈಟಾನಿಯಂ ಎಂಬ ಚಿಟಿಕೆಯಷ್ಟು ಮಿಶ್ರಣದಿಂದ ಬಂದಿರಬೇಕು. ಎರಡೂ ಬಗೆಯ ಪ್ಲೇಟು ಇ350 ಎಂಬ ಒಂದೇ ಹೆಸರಿನಲ್ಲಿ ಬರುತ್ತದೆ. ಎರಡೂ ಮಾನಕಕ್ಕೆ ಒಳಪಟ್ಟದ್ದೇ, ಎರಡೂ ಟೆನ್ಸೈಲ್ ಪರೀಕ್ಷೆ ಪಾಸಾಗುತ್ತದೆ. ವ್ಯತ್ಯಾಸ ತಿಳಿಯುವುದು ವೆಲ್ಡಿಂಗ್ ಮಾಡುವಾಗ, ಪ್ರೆಸ್ ಬ್ರೇಕಿನಲ್ಲಿ ಮಡಚುವಾಗ. ಅಷ್ಟು ಹೊತ್ತಿಗೆ ಬಿಲ್ ಪಾವತಿಯಾಗಿರುತ್ತದೆ.

ಮಾನಕ ಏನು ಕೇಳುತ್ತದೆ ನೋಡೋಣ. 20 ಮಿಮೀಗಿಂತ ತೆಳುವಾದ ಇ250 ಪ್ಲೇಟಿಗೆ, ಅಂದರೆ ನಾವೆಲ್ಲ ಎಂಎಸ್ (ಮೈಲ್ಡ್ ಸ್ಟೀಲ್) ಎನ್ನುವ ಮಾಲಿಗೆ, ಈಲ್ಡ್ (ಲೋಹ ಶಾಶ್ವತವಾಗಿ ಬಗ್ಗಲು ಶುರುವಾಗುವ ಒತ್ತಡ) ಕನಿಷ್ಠ 250 ಎಂಪಿಎ (ಮೆಗಾಪಾಸ್ಕಲ್), ಟೆನ್ಸೈಲ್ (ಎಳೆದಾಗ ತುಂಡಾಗುವ ಮೊದಲು ತಾಳುವ ಗರಿಷ್ಠ ಒತ್ತಡ) ಕನಿಷ್ಠ 410, ಹಿಗ್ಗು (ತುಂಡಾಗುವ ಮೊದಲು ಉದ್ದವಾಗುವ ಪ್ರಮಾಣ) ಕನಿಷ್ಠ ಶೇ 23. ಇ350ಕ್ಕೆ ಇದೇ ಅಂಕಿಗಳು 350, 490, ಶೇ 22. ಹಿಗ್ಗಿನಲ್ಲಿ ಕಳೆದುಕೊಳ್ಳುವುದು ಒಂದೇ ಒಂದು ಅಂಶ, ಬಲದಲ್ಲಿ ಸಿಗುವುದು ಶೇ 40. ಆದರೆ 350 ಎಂಬ ಅಂಕಿ ಎಲ್ಲ ದಪ್ಪಕ್ಕೂ ಸಲ್ಲುವುದಿಲ್ಲ. 20ರಿಂದ 40 ಮಿಮೀವರೆಗೆ ಅದು 330ಕ್ಕೆ ಇಳಿಯುತ್ತದೆ, 40 ದಾಟಿದರೆ 320. 50 ಮಿಮೀ ಬೇಸ್ ಪ್ಲೇಟಿಗೂ 350 ಹಿಡಿದು ಲೆಕ್ಕ ಮಾಡಿದ ಡ್ರಾಯಿಂಗ್‌ಗಳು ಈಗಲೂ ಬರುತ್ತಿವೆ. ಅದು ತಪ್ಪು.

ರಾಸಾಯನಿಕ ಮಿತಿಯಲ್ಲಿ ಇಂಗಾಲ ಗರಿಷ್ಠ ಶೇ 0.20, ಮ್ಯಾಂಗನೀಸ್ 1.55, ಸಿಲಿಕಾನ್ 0.45, ಗಂಧಕ ಮತ್ತು ರಂಜಕ ತಲಾ 0.045, ವೆಲ್ಡಿಂಗ್ ಎಷ್ಟು ಕಷ್ಟ ಎಂದು ತೋರಿಸುವ ಕಾರ್ಬನ್ ಈಕ್ವಿವೆಲೆಂಟ್ 0.47. ನಯೋಬಿಯಂ, ವೆನೇಡಿಯಂ, ಟೈಟಾನಿಯಂ ಸೇರಿಸುವುದಾದರೆ ಎಲ್ಲ ಸೇರಿ ಶೇ 0.25 ಮೀರಬಾರದು. ‘ಸೇರಿಸುವುದಾದರೆ’ ಎಂಬಲ್ಲೇ ಇಡೀ ವಿಷಯ ಇದೆ. ಸೇರಿಸಲೇಬೇಕು ಎಂದು ಮಾನಕ ಹೇಳುವುದಿಲ್ಲ.

ಇಷ್ಟು ಸಣ್ಣ ಪ್ರಮಾಣ ಎಷ್ಟು ದೊಡ್ಡ ಕೆಲಸ ಮಾಡುತ್ತದೆ

ನಯೋಬಿಯಂ ಸೇರಿಸಿದ ಇ350 ಪ್ಲೇಟಿನಲ್ಲಿ ಸಾಮಾನ್ಯವಾಗಿ ಶೇ 0.02ರಿಂದ 0.05ರಷ್ಟು ನಯೋಬಿಯಂ ಇರುತ್ತದೆ. 0.03 ಎಂದಿಟ್ಟುಕೊಂಡರೆ ಒಂದು ಟನ್ ಉಕ್ಕಿಗೆ 300 ಗ್ರಾಂ. ಕಾರ್ಖಾನೆಗಳು ಹಾಕುವುದು ಸುಮಾರು ಶೇ 65 ನಯೋಬಿಯಂ ಇರುವ ಫೆರೋ ನಯೋಬಿಯಂ ಅನ್ನು. ಆ ಲೆಕ್ಕದಲ್ಲಿ ಟನ್ನಿಗೆ ಅರ್ಧ ಕಿಲೋ ಆಸುಪಾಸು. ಇದರ ಬಹುಪಾಲು ಬ್ರೆಜಿಲ್‌ನ ಅರಾಷಾ ಗಣಿಯಿಂದ ಬರುತ್ತದೆ. ನಯೋಬಿಯಂ ಸೇರಿಸಿದ ಉಕ್ಕನ್ನು ವಾಣಿಜ್ಯ ಮಟ್ಟದಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು 1958ರಲ್ಲಿ ಅಮೆರಿಕದ ಗ್ರೇಟ್ ಲೇಕ್ಸ್ ಸ್ಟೀಲ್. ನಮ್ಮಲ್ಲಿ ಸೈಲ್ ಕಂಪನಿಯ ಸೈಲ್ಮಾ ಇದೇ ಜಾತಿಯದ್ದು.

ಬಲ ಹೆಚ್ಚುವುದು ಹೇಗೆ? ಉಕ್ಕಿನ ಒಳಗೆ ಹರಳುಗಳಿವೆ. ಲೋಹ ಬಗ್ಗುವುದೆಂದರೆ ಹರಳಿನೊಳಗಿನ ಪರಮಾಣು ಸಾಲುಗಳ ಲೋಪಗಳಾದ ಡಿಸ್‌ಲೊಕೇಶನ್‌ಗಳು ಜಾರುವುದು. ಹರಳಿನ ಅಂಚಿಗೆ ಬಂದಾಗ ಅವು ತಡೆದು ನಿಲ್ಲುತ್ತವೆ. ಗದ್ದೆಯ ಮಡಿಗಳು ಸಣ್ಣದಾದಷ್ಟೂ ಬದು ಹೆಚ್ಚು, ನೀರು ಹರಿಯುವುದು ಕಷ್ಟ. ಹರಳಿನಲ್ಲೂ ಅದೇ ಲೆಕ್ಕ. ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಇದಕ್ಕೆ ಸೂತ್ರ ಕೊಟ್ಟರು: ಹರಳಿನ ವ್ಯಾಸದ ವರ್ಗಮೂಲಕ್ಕೆ ವಿಲೋಮವಾಗಿ ಈಲ್ಡ್ ಏರುತ್ತದೆ.

ಇಂಗಾಲ ಕಡಿಮೆ ಇರುವ ಫೆರೈಟ್ (ತಣಿದ ಉಕ್ಕಿನ ಸಾಮಾನ್ಯ ಹರಳು ರೂಪ) ಉಕ್ಕಿಗೆ ಪ್ರಚಲಿತವಾದ ಪಿಕರಿಂಗ್ ಸಮೀಕರಣದಲ್ಲಿ ಅಂಕಿ ಹಾಕಿ ನೋಡಬಹುದು. ಮೂಲ ಬಲ 54 ಎಂಪಿಎ. ಮ್ಯಾಂಗನೀಸ್ ಶೇ 1ಕ್ಕೆ 32, ಸಿಲಿಕಾನ್ ಶೇ 1ಕ್ಕೆ 83, ಹರಳಿನ ವ್ಯಾಸವನ್ನು ಮಿಮೀನಲ್ಲಿ ಹಿಡಿದು ಅದರ ವರ್ಗಮೂಲದಿಂದ 17.4 ಅನ್ನು ಭಾಗಿಸಿದರೆ ಸಿಗುವಷ್ಟು ಹರಳಿನ ಪಾಲು. ಮ್ಯಾಂಗನೀಸ್ 1.4, ಸಿಲಿಕಾನ್ 0.3 ಇರುವ ಉಕ್ಕಿಗೆ ಮೊದಲ ಮೂರು ಸೇರಿ 124. ಹರಳು 20 ಮೈಕ್ರಾನ್ ಇದ್ದರೆ ಅದರ ಪಾಲು 123, ಒಟ್ಟು 247 ಎಂಪಿಎ. ಅದೇ ಉಕ್ಕಿನ ಹರಳನ್ನು 5 ಮೈಕ್ರಾನಿಗೆ ಇಳಿಸಿ: ಪಾಲು 246, ಒಟ್ಟು 370. ಮ್ಯಾಂಗನೀಸ್, ಸಿಲಿಕಾನ್, ಇಂಗಾಲ ಒಂದನ್ನೂ ಮುಟ್ಟಲಿಲ್ಲ. ಇ250 ಇದ್ದದ್ದು ಇ350 ಆಯಿತು. ಜೊತೆಗೆ ಗಟ್ಟಿತನ, ಅಂದರೆ ಪೆಟ್ಟಿಗೆ ಒಡೆಯದೆ ತಾಳುವ ಗುಣ (ಟಫ್‌ನೆಸ್), ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ, ಚಳಿಯಲ್ಲಿ ಒಡೆಯುವ ಸ್ವಭಾವ ತಗ್ಗುತ್ತದೆ. ಬಲವನ್ನೂ ಗಟ್ಟಿತನವನ್ನೂ ಒಟ್ಟಿಗೆ ಏರಿಸುವ ಉಪಾಯ ಉಕ್ಕಿನಲ್ಲಿ ಇದೊಂದೇ. ಆದ್ದರಿಂದಲೇ ಈ ಮಾಲಿನ ಬಗ್ಗೆ ನಮಗೆ ಇಷ್ಟು ಒಲವು.

ನಯೋಬಿಯಂ ಈ ಕೆಲಸವನ್ನು ರೋಲಿಂಗ್ ಮಿಲ್ಲಿನಲ್ಲಿ ಮಾಡುತ್ತದೆ. ಸ್ಲ್ಯಾಬನ್ನು, ಅಂದರೆ ಪ್ಲೇಟಾಗುವ ಮುಂಚಿನ ದಪ್ಪ ಉಕ್ಕಿನ ಗಟ್ಟಿಯನ್ನು, 1,150ರಿಂದ 1,250 ಡಿಗ್ರಿಗೆ ಕಾಯಿಸಿದಾಗ ಅದು ಉಕ್ಕಿನಲ್ಲಿ ಕರಗುತ್ತದೆ. ರೋಲರುಗಳ ನಡುವೆ ಹಾಯುವಾಗ ಚಪ್ಪಟೆಯಾದ ಆಸ್ಟೆನೈಟ್ (ಬಿಸಿ ಉಕ್ಕಿನ ರೂಪ) ಹರಳುಗಳು ಸಾಮಾನ್ಯ ಉಕ್ಕಿನಲ್ಲಿ ಮತ್ತೆ ಗುಂಡಾಗಿ ಬೆಳೆದುಬಿಡುತ್ತವೆ. ನಯೋಬಿಯಂ ಇದ್ದರೆ 950 ಡಿಗ್ರಿ ಆಸುಪಾಸಿನಿಂದ ಕೆಳಗೆ ಈ ಪುನರ್ಹರಳೀಕರಣ ನಿಂತುಹೋಗುತ್ತದೆ. ಅತಿ ಸಣ್ಣ ಕಾರ್ಬೋನೈಟ್ರೈಡ್ ಕಣಗಳು ಹರಳಿನ ಅಂಚುಗಳನ್ನು ಹಿಡಿದುಕೊಳ್ಳುತ್ತವೆ. ಆ ತಾಪಮಾನದ ಕೆಳಗೆ ದಪ್ಪವನ್ನು ಶೇ 60ರಷ್ಟಾದರೂ ಇಳಿಸಿ, 800ರಿಂದ 850 ಡಿಗ್ರಿಗೆ ಮುಗಿಸಿದರೆ ಚಪ್ಪಟೆ ಹರಳುಗಳ ಅಂಚುಗಳಲ್ಲೆಲ್ಲ ಹೊಸ ಫೆರೈಟ್ ಹುಟ್ಟಿ ಸಣ್ಣದಾಗೇ ಉಳಿಯುತ್ತದೆ. ಇದರ ಹೆಸರು ಕಂಟ್ರೋಲ್ಡ್ ರೋಲಿಂಗ್. ಕೊನೆಯಲ್ಲಿ ನೀರು ಹಾಯಿಸಿ ಬೇಗ ತಣಿಸಿದರೆ ಟಿಎಂಸಿಪಿ (ಥರ್ಮೋಮೆಕ್ಯಾನಿಕಲ್ ಕಂಟ್ರೋಲ್ಡ್ ಪ್ರೊಸೆಸಿಂಗ್). ತಣ್ಣಗಾದ ಉಕ್ಕನ್ನು ಒತ್ತಬೇಕಾದ್ದರಿಂದ ಮಿಲ್ಲಿನ ಮೇಲೆ ಹೊರೆ ಹೆಚ್ಚು, ನಡುವೆ ಸ್ಲ್ಯಾಬ್ ತಣಿಯಲು ಕಾಯಬೇಕು, ಉತ್ಪಾದನೆ ನಿಧಾನ. ಪ್ಲೇಟಿನ ಹೆಚ್ಚುವರಿ ಬೆಲೆಯಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ.

ಹಾಗಾಗಿ ಬರೀ ನಯೋಬಿಯಂ ಹಾಕಿ ಹಳೆಯ ಮಿಲ್ಲಿನಲ್ಲಿ 1,000 ಡಿಗ್ರಿಗೇ ರೋಲಿಂಗ್ ಮುಗಿಸಿದರೆ ಬಹುಪಾಲು ಲಾಭ ನಷ್ಟ. ಸ್ಲ್ಯಾಬನ್ನು ಸರಿಯಾಗಿ ಕಾಯಿಸದಿದ್ದರೂ ಅಷ್ಟೇ. ಇರ್ವಿನ್ ಕರಗುವಿಕೆ ಸೂತ್ರದ ಪ್ರಕಾರ ಇಂಗಾಲ 0.15, ಸಾರಜನಕ 0.006, ನಯೋಬಿಯಂ 0.04 ಇರುವ ಉಕ್ಕಿನಲ್ಲಿ ಎಲ್ಲ ನಯೋಬಿಯಂ ಕರಗಲು ಸುಮಾರು 1,240 ಡಿಗ್ರಿ ಬೇಕು. ಇಂಗಾಲ 0.08ಕ್ಕೆ ಇಳಿದರೆ 1,160 ಸಾಕು. ಇಂಗಾಲ ಹೆಚ್ಚಿಟ್ಟು ನಯೋಬಿಯಂ ಸುರಿದರೆ ಒಂದಷ್ಟು ಕರಗದೆ ದಪ್ಪ ಕಣಗಳಾಗಿ ಉಳಿಯುತ್ತದೆ. ಅದರಿಂದ ಬಲ ಬರುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಒಳ್ಳೆಯ ಕಾರ್ಖಾನೆ ಮೊದಲು ಇಂಗಾಲ ಇಳಿಸುವುದು ಇದಕ್ಕೇ.

ವೆನೇಡಿಯಂ ಸ್ವಭಾವ ಬೇರೆ. ಅದು ಇನ್ನೂ ಕಡಿಮೆ ತಾಪಮಾನದಲ್ಲೇ ಕರಗುತ್ತದೆ, ಕೊನೆಯಲ್ಲಿ ಫೆರೈಟ್ ಹುಟ್ಟುವಾಗ ಮತ್ತು ಹುಟ್ಟಿದ ಮೇಲೆ ಸೂಕ್ಷ್ಮ ಕಣಗಳಾಗಿ ಹೊರಬಂದು ಡಿಸ್‌ಲೊಕೇಶನ್‌ಗಳಿಗೆ ಅಡ್ಡ ನಿಲ್ಲುತ್ತದೆ. ಸಾಮಾನ್ಯ ಪ್ರಮಾಣ 0.05ರಿಂದ 0.10. ಸಾರಜನಕ ಸ್ವಲ್ಪ ಹೆಚ್ಚಿದ್ದರೆ ಕೆಲಸ ಚುರುಕು. ಆ್ಯಂಗಲ್, ಚಾನೆಲ್ ಮುಂತಾದ ಸೆಕ್ಷನ್‌ಗಳ ರೋಲಿಂಗ್ ಬಿಸಿ ಇರುವಾಗಲೇ ಮುಗಿಯುವುದರಿಂದ ಅಲ್ಲಿ ನಯೋಬಿಯಂಗಿಂತ ವೆನೇಡಿಯಂ ಹೆಚ್ಚು ಹೊಂದುತ್ತದೆ. ಆದರೆ ಈ ಕಣಗಳ ಬಲ ಗಟ್ಟಿತನವನ್ನು ಸ್ವಲ್ಪ ತಿನ್ನುತ್ತದೆ. ಹರಳು ಸಣ್ಣದಾಗದೆ ವೆನೇಡಿಯಂ ಒಂದರಿಂದಲೇ 350 ಮುಟ್ಟಿದ ದಪ್ಪ ಪ್ಲೇಟಿಗೆ ಚಾರ್ಪಿ ಪರೀಕ್ಷೆ (ಪೆಟ್ಟು ಕೊಟ್ಟು ಗಟ್ಟಿತನ ಅಳೆಯುವುದು) ಕೇಳದೆ ತೆಗೆದುಕೊಳ್ಳಬೇಡಿ.

ಟೈಟಾನಿಯಂ ಇರಬೇಕಾದ್ದು ಶೇ 0.01ರಿಂದ 0.02 ಅಷ್ಟೇ. ಅದು ಸಾರಜನಕವನ್ನು ಹಿಡಿದು ಟೈಟಾನಿಯಂ ನೈಟ್ರೈಡ್ ಆಗುತ್ತದೆ. ಈ ಕಣಗಳು ವೆಲ್ಡಿಂಗ್ ಬಿಸಿಗೂ ಸುಲಭಕ್ಕೆ ಕರಗುವುದಿಲ್ಲ, ವೆಲ್ಡಿನ ಪಕ್ಕದ ಹರಳುಗಳನ್ನು ಬೆಳೆಯಲು ಬಿಡುವುದಿಲ್ಲ. ತೂಕದಲ್ಲಿ ಸಾರಜನಕದ 3.42 ಪಟ್ಟು ಟೈಟಾನಿಯಂ ಸಾಕು. 50 ಪಿಪಿಎಂ ಸಾರಜನಕಕ್ಕೆ 0.017. ಅದನ್ನು ಮೀರಿ ಹಾಕಿದರೆ ದ್ರವ ಉಕ್ಕಿನಲ್ಲೇ ಕೆಲವು ಮೈಕ್ರಾನ್ ದೊಡ್ಡ ಚೌಕ ಕಣಗಳು ಬೆಳೆದು ಬಿರುಕಿಗೆ ಮೂಲವಾಗುತ್ತವೆ.

ಟಿಸಿ ಓದುವ ಬಗೆ

ಡೀಲರ್ ಕೊಡುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ (ಟಿಸಿ) ಎಲ್ಲರೂ ನೋಡುವುದು ಈಲ್ಡ್ ಕಾಲಂ. ಅದಕ್ಕಿಂತ ಮುಂಚೆ ನೋಡಬೇಕಾದ್ದು ಇಂಗಾಲ, ಮ್ಯಾಂಗನೀಸ್, ನಯೋಬಿಯಂ, ವೆನೇಡಿಯಂ, ಟೈಟಾನಿಯಂ, ಜೊತೆಗೆ ಡೆಲಿವರಿ ಕಂಡಿಶನ್ (ಪ್ಲೇಟನ್ನು ಹೇಗೆ ರೋಲ್ ಮಾಡಿ, ಕಾಯಿಸಿ ತಣಿಸಿ ಕಳಿಸಿದ್ದಾರೆ ಎಂಬುದು).

ಎರಡು ಉದಾಹರಣೆ ಇಟ್ಟುಕೊಳ್ಳಿ. ಒಂದರಲ್ಲಿ ಇಂಗಾಲ 0.19, ಮ್ಯಾಂಗನೀಸ್ 1.45, ನಯೋಬಿಯಂ ಕಾಲಂ ಖಾಲಿ. ಕಾರ್ಬನ್ ಈಕ್ವಿವೆಲೆಂಟ್ ಎಂದರೆ ಇಂಗಾಲಕ್ಕೆ ಮ್ಯಾಂಗನೀಸಿನ ಆರನೇ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂ ಮೊತ್ತದ ಐದನೇ ಒಂದು ಭಾಗ, ನಿಕಲ್, ತಾಮ್ರ ಮೊತ್ತದ ಹದಿನೈದನೇ ಒಂದು ಭಾಗ ಕೂಡಿಸುವುದು. ಇಲ್ಲಿ ಮೊದಲ ಎರಡರಿಂದಲೇ 0.43. ಸ್ಕ್ರಾಪಿನಿಂದ ಬಂದ ತಾಮ್ರ, ಕ್ರೋಮಿಯಂ ಸೇರಿದರೆ 0.45 ದಾಟಬಹುದು. ಇನ್ನೊಂದರಲ್ಲಿ ಇಂಗಾಲ 0.13, ಮ್ಯಾಂಗನೀಸ್ 1.30, ನಯೋಬಿಯಂ 0.03, ಟೈಟಾನಿಯಂ 0.012. ಅದರ ಈಕ್ವಿವೆಲೆಂಟ್ 0.35 ಆಸುಪಾಸು. ನಯೋಬಿಯಂ, ಟೈಟಾನಿಯಂ ಈ ಸೂತ್ರದೊಳಗೇ ಇಲ್ಲ. ಎರಡೂ 0.47ರ ಒಳಗೇ ಇವೆ, ಎರಡೂ ಇ350. ಕೊಳ್ಳಬೇಕಾದ್ದು ಎರಡನೆಯದು. ಇವೆರಡರ ನಡುವೆ ಕಿಲೋಗೆ ಒಂದೆರಡು ರೂಪಾಯಿ ಉಳಿಸಲು ಹೋಗಿ ಮೊದಲನೆಯದನ್ನು ತೆಗೆದುಕೊಂಡರೆ ಪ್ರೀಹೀಟ್ ಗ್ಯಾಸು, ಎಲೆಕ್ಟ್ರೋಡು, ರಿಪೇರಿಗೆ ಅದಕ್ಕಿಂತ ಹೆಚ್ಚು ಸುರಿಯಬೇಕಾಗುತ್ತದೆ.

ಇಂಡಕ್ಷನ್ ಫರ್ನೇಸಿನಲ್ಲಿ ಸ್ಕ್ರಾಪ್ ಕರಗಿಸಿ ಮಾಡಿದ ಮಾಲಾದರೆ ರಂಜಕದ ಕಾಲಂ ಇನ್ನೂ ಗಮನವಿಟ್ಟು ನೋಡಿ. ಆ ಫರ್ನೇಸಿನಲ್ಲಿ ರಂಜಕ ತೆಗೆಯುವುದು ಕಷ್ಟ, ತಾಮ್ರ, ತವರ ಯಾವ ಫರ್ನೇಸಿನಲ್ಲೂ ಹೋಗುವುದಿಲ್ಲ. ಅದಿರಿನಿಂದ ಬ್ಲಾಸ್ಟ್ ಫರ್ನೇಸ್ ಮೂಲಕ ಬರುವ ದೊಡ್ಡ ಕಾರ್ಖಾನೆಗಳ ಪ್ಲೇಟಿನಲ್ಲಿ ಈ ಉಳಿಕೆ ಲೋಹಗಳು ಕಡಿಮೆ.

ಟಿಸಿಯ ಹೀಟ್ ನಂಬರ್ (ಹೀಟ್ ಎಂದರೆ ಒಮ್ಮೆಗೆ ಕರಗಿಸಿದ ಉಕ್ಕಿನ ಬ್ಯಾಚು) ಪ್ಲೇಟಿನ ಮೇಲೆ ಗುದ್ದಿದ ನಂಬರಿಗೆ ತಾಳೆಯಾಗಬೇಕು, ಐಎಸ್ಐ ಗುರುತು ಮತ್ತು ಸಿಎಂ/ಎಲ್ ಲೈಸೆನ್ಸ್ ಸಂಖ್ಯೆ ಇರಬೇಕು. ಕತ್ತರಿಸಿದ ತುಂಡು ಕೊಳ್ಳುವಾಗ ನಂಬರಿರುವ ಮೂಲೆ ಬೇರೆ ಗಿರಾಕಿಗೆ ಹೋಗಿರುತ್ತದೆ. ಕತ್ತರಿಸುವ ಮುಂಚೆಯೇ ನಿಮ್ಮ ತುಂಡಿನ ಮೇಲೆ ನಂಬರ್ ವರ್ಗಾಯಿಸಿ ಹಾರ್ಡ್ ಪಂಚ್ ಹೊಡೆಸಿಕೊಳ್ಳಿ.

ಅನುಮಾನ ಬಂದರೆ? ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ನಯೋಬಿಯಂ, ವೆನೇಡಿಯಂ, ಟೈಟಾನಿಯಂ ತೋರಿಸುತ್ತದೆ, ಆದರೆ ಇಂಗಾಲ ತೋರಿಸುವುದಿಲ್ಲ. ಇಂಗಾಲಕ್ಕೆ ಸ್ಪೆಕ್ಟ್ರೋ ಲ್ಯಾಬಿಗೇ ತುಂಡು ಕಳಿಸಬೇಕು. ಪೋರ್ಟಬಲ್ ಹಾರ್ಡ್‌ನೆಸ್ ಮೀಟರ್ ಇ250, ಇ350 ಅದಲುಬದಲಾದದ್ದನ್ನು ಹಿಡಿಯುತ್ತದೆ. ಬ್ರಿನೆಲ್ ಸಂಖ್ಯೆಯನ್ನು 3.45ರಿಂದ ಗುಣಿಸಿದರೆ ಟೆನ್ಸೈಲಿನ ಅಂದಾಜು. 120ರ ಸುತ್ತ ಬಂದರೆ ಅದು ಎಂಎಸ್, ಇ350ಕ್ಕೆ 142 ದಾಟಬೇಕು. ಅಳೆಯುವ ಮುನ್ನ ಮೇಲಿನ ಸ್ಕೇಲ್ ಗ್ರೈಂಡ್ ಮಾಡದಿದ್ದರೆ ರೀಡಿಂಗ್ ಸುಳ್ಳು. ಬಲ ಇಂಗಾಲದ್ದೋ ನಯೋಬಿಯಂನದ್ದೋ ಎಂದು ಈ ಮೀಟರ್ ಹೇಳಲಾರದು.

ಇ350 ನಂತರದ ಅಕ್ಷರವನ್ನೂ ನೋಡಿ. ‘ಎ’ ಎಂದರೆ ಚಾರ್ಪಿ ಪರೀಕ್ಷೆ ಇಲ್ಲ. ‘ಬಿಆರ್’ ಎಂದರೆ ಕೊಳ್ಳುವವರು ಕೇಳಿದರೆ ಮಾತ್ರ ಕೋಣೆ ತಾಪಮಾನದಲ್ಲಿ, 27 ಜೂಲ್. ‘ಬಿ0’ ಸೊನ್ನೆ ಡಿಗ್ರಿಯಲ್ಲಿ, ‘ಸಿ’ ಮೈನಸ್ 20ರಲ್ಲಿ. ಕರ್ನಾಟಕದ ಹವೆಗೆ ಬಿಆರ್ ಸಾಕು, ಆದರೆ ಪರೀಕ್ಷೆ ಬೇಕು ಎಂದು ಆರ್ಡರಿನಲ್ಲಿ ಬರೆದೇ ಕೇಳಬೇಕು. ಕೋಲ್ಡ್ ಸ್ಟೋರೇಜಿನ ಒಳಗಿನ ರಚನೆಗೆ, ಹಿಮಾಲಯದ ಕಡೆ ಹೋಗುವ ಕೆಲಸಕ್ಕೆ ಸಿ ಬೇಕು.

ವೆಲ್ಡಿಂಗ್

ಒಳ್ಳೆಯ ಇ350 ವೆಲ್ಡ್ ಮಾಡಲು ಸುಲಭ, ಆದರೆ ಎಂಎಸ್‌ನ ಅಭ್ಯಾಸಗಳನ್ನು ಹಾಗೇ ತರಬಾರದು. ಎಲ್ಲರ ಶಾಪಿನಲ್ಲೂ ಇರುವ 6013 ರಾಡಿನ ಬಲ ಇದಕ್ಕೆ ಸಾಲದು, ಅದರ ಲೇಪದಿಂದ ಹೈಡ್ರೋಜನ್ನೂ ಹೆಚ್ಚು ಬರುತ್ತದೆ. 7018 ಲೋ ಹೈಡ್ರೋಜನ್ ರಾಡು ಬಳಸಿ. ಮಿಗ್ ಆದರೆ ಇಆರ್70ಎಸ್-6 ವೈರು. 7018 ರಾಡನ್ನು 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಹೋಲ್ಡಿಂಗ್ ಓವನ್ನಿನಲ್ಲಿ 120 ಡಿಗ್ರಿಯಲ್ಲಿಡಬೇಕು. ಹೊರಗೆ ತೆಗೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಮತ್ತೆ ಓವನ್ನಿಗೆ. ಕರಾವಳಿಯ ಮಳೆಗಾಲದಲ್ಲಿ 4 ಗಂಟೆಯೂ ಹೆಚ್ಚೇ. ಒದ್ದೆ ರಾಡಿನಿಂದ ಬರುವ ಬಿರುಕು ತಕ್ಷಣ ಕಾಣುವುದಿಲ್ಲ; ಒಂದೆರಡು ದಿನ ಕಳೆದ ಮೇಲೆ ವೆಲ್ಡಿನ ಪಕ್ಕದಲ್ಲಿ, ಟೋ (ವೆಲ್ಡಿನ ಅಂಚು) ಅಥವಾ ರೂಟಿನಿಂದ (ಬುಡದಿಂದ) ತೆರೆದುಕೊಳ್ಳುತ್ತದೆ. ದಪ್ಪ ಜಾಯಿಂಟಿನ ಎಂಪಿಐ (ಕಾಂತದಿಂದ ಬಿರುಕು ಹುಡುಕುವುದು) ಅಥವಾ ಅಲ್ಟ್ರಾಸಾನಿಕ್ ಪರೀಕ್ಷೆಯನ್ನು 48 ಗಂಟೆ ಬಿಟ್ಟು ಮಾಡಬೇಕು ಎನ್ನುವುದು ಇದಕ್ಕೇ.

ಪ್ರೀಹೀಟ್ ವಿಷಯದಲ್ಲಿ ಅಮೆರಿಕದ ವೆಲ್ಡಿಂಗ್ ಕೋಡ್ ಡಿ1.1 ಈ ಬಲದ ಉಕ್ಕಿಗೆ ಲೋ ಹೈಡ್ರೋಜನ್ ರಾಡಿನೊಂದಿಗೆ ಕೊಡುವ ಅಂಕಿಗಳು ನಮ್ಮಲ್ಲೂ ನಡೆಯುತ್ತವೆ: 38 ಮಿಮೀವರೆಗೆ ನಮ್ಮ ವಾತಾವರಣದಲ್ಲಿ ಪ್ರತ್ಯೇಕ ಬಿಸಿ ಬೇಡ, 38ರಿಂದ 65 ಮಿಮೀಗೆ 65 ಡಿಗ್ರಿ, ಅದಕ್ಕೂ ದಪ್ಪಕ್ಕೆ 110 ಡಿಗ್ರಿ. ಈಕ್ವಿವೆಲೆಂಟ್ 0.45 ಮುಟ್ಟಿದ ಪ್ಲೇಟಾದರೆ 25 ಮಿಮೀಯಿಂದಲೇ ಬಿಸಿ ಮಾಡುವುದು ಕ್ಷೇಮ. ಟ್ಯಾಕ್ ವೆಲ್ಡಿಗೂ ಇದೇ ನಿಯಮ. ಸಣ್ಣ ಟ್ಯಾಕ್ ದಪ್ಪ ಪ್ಲೇಟಿನಲ್ಲಿ ಕ್ಷಣದಲ್ಲಿ ತಣಿಯುವುದರಿಂದ ಬಿರುಕು ಮೊದಲು ಹುಟ್ಟುವುದು ಅಲ್ಲೇ. ಟ್ಯಾಕನ್ನು 50 ಮಿಮೀಗಿಂತ ಗಿಡ್ಡ ಮಾಡಬೇಡಿ.

ಇನ್ನೊಂದು ತುದಿಯ ತಪ್ಪು ಬಿಸಿ ಅತಿಯಾಗುವುದು. ಹೀಟ್ ಇನ್‌ಪುಟ್ ಲೆಕ್ಕ ಸುಲಭ: ವೋಲ್ಟು, ಆಂಪಿಯರ್, 60 ಗುಣಿಸಿ, ನಿಮಿಷಕ್ಕೆ ಎಷ್ಟು ಮಿಮೀ ವೇಗವೋ ಅದರಿಂದ ಭಾಗಿಸಿ, 1,000ದಿಂದ ಮತ್ತೆ ಭಾಗಿಸಿ. ಮಿಗ್‌ನಲ್ಲಿ 26 ವೋಲ್ಟ್, 250 ಆಂಪಿಯರ್, 350 ಮಿಮೀ ವೇಗಕ್ಕೆ ಮಿಮೀಗೆ 1.1 ಕಿಲೋಜೂಲ್. ಸಬ್‌ಮರ್ಜ್ಡ್ ಆರ್ಕ್‌ನಲ್ಲಿ 32 ವೋಲ್ಟ್, 650 ಆಂಪಿಯರ್, 450 ಮಿಮೀ ವೇಗಕ್ಕೆ 2.8. ಒಂದರಿಂದ ಎರಡೂವರೆ ಒಳಗಿದ್ದರೆ ನೆಮ್ಮದಿ. ತೆಳು ಪ್ಲೇಟಿಗೆ ಒಂದೇ ಪಾಸಿನಲ್ಲಿ ಮುಗಿಸುವ ಆಸೆಗೆ 4, 5 ದಾಟಿಸಿದರೆ ವೆಲ್ಡಿನ ಪಕ್ಕದಲ್ಲಿ ಹರಳು ಬೆಳೆದು ಗಟ್ಟಿತನ ಬಿದ್ದುಹೋಗುತ್ತದೆ. ಮಿಲ್ಲಿನವರು 950 ಡಿಗ್ರಿಯ ಕೆಳಗೆ ಕಷ್ಟಪಟ್ಟು ಮಾಡಿದ ಕೆಲಸ ಆ ಪಟ್ಟಿಯಲ್ಲಿ ಅಳಿಸಿಹೋದಂತೆ. ಸಬ್‌ಮರ್ಜ್ಡ್ ಆರ್ಕ್‌ನಲ್ಲಿ ತಾಯಿ ಲೋಹದ (ಪ್ಲೇಟಿನ) ನಯೋಬಿಯಂ ಕರಗಿ ವೆಲ್ಡಿನೊಳಗೂ ಸೇರುತ್ತದೆ, ಅದು ವೆಲ್ಡ್ ಲೋಹದ ಚಾರ್ಪಿಯನ್ನೂ ಇಳಿಸಬಲ್ಲದು. ಹಾಗಾಗಿ ಪ್ರೊಸೀಜರ್ ಪರೀಕ್ಷೆಯನ್ನು ಯಾವುದೋ ಎಂಎಸ್ ತುಂಡಿನ ಮೇಲೆ ಮಾಡದೆ ಅದೇ ಹೀಟಿನ ಪ್ಲೇಟಿನ ಮೇಲೆ ಮಾಡಬೇಕು.

ಬಿಸಿ, ಮಡಚು, ಕತ್ತರಿಕೆ

ಈ ಪ್ಲೇಟನ್ನು ಹಾಳುಮಾಡುವ ಅತಿ ಸುಲಭ ದಾರಿ ಗ್ಯಾಸ್ ಟಾರ್ಚು. ಮಡಚಲು ಕಷ್ಟವಾಯಿತೆಂದು ಕೆಂಪಗೆ ಕಾಯಿಸಿ ಬಡಿಯುವುದು ಎಂಎಸ್‌ಗೆ ನಡೆಯುತ್ತದೆ. ಕಂಟ್ರೋಲ್ಡ್ ರೋಲಿಂಗ್ ಅಥವಾ ಟಿಎಂಸಿಪಿ ಪ್ಲೇಟಿನ ಬಲ ರೋಲಿಂಗ್ ತಾಪಮಾನದಲ್ಲಿ ಕೂಡಿಟ್ಟದ್ದು. 900 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಿಸಿದರೆ ಆ ಬಲ ವಾಪಸು ಬರುವುದಿಲ್ಲ. ಆ ಭಾಗ ಇ350 ಆಗಿ ಉಳಿಯುತ್ತದೆಂಬ ಖಾತರಿ ಹೋಯಿತು. ಡೊಂಕು ತೆಗೆಯಲು ಫ್ಲೇಮ್ ಸ್ಟ್ರೈಟನಿಂಗ್ ಮಾಡುವಾಗ 600 ಡಿಗ್ರಿ ಸುತ್ತ ನಿಲ್ಲಿಸಿ, ಟೆಂಪರೇಚರ್ ಚಾಕ್ ಬಳಸಿ, ಕಣ್ಣಂದಾಜು ಬೇಡ. ಬಿಸಿ ಮಾಡಿಯೇ ರೂಪಿಸಬೇಕಾದ ಕೆಲಸವಿದ್ದರೆ ಮೊದಲೇ ನಾರ್ಮಲೈಸ್ ಮಾಡಿದ (ಕಾಯಿಸಿ ಗಾಳಿಯಲ್ಲಿ ಆರಿಸಿದ) ಪ್ಲೇಟು ಆರ್ಡರ್ ಮಾಡಿ. ಅದರ ಬಲ ಮತ್ತೆ ನಾರ್ಮಲೈಸ್ ಮಾಡಿದರೆ ಮರಳುತ್ತದೆ. ಟಿಸಿಯಲ್ಲಿ ಡೆಲಿವರಿ ಕಂಡಿಶನ್ ಕಾಲಂ ನೋಡಿ ಎಂದದ್ದು ಈ ಕಾರಣಕ್ಕೆ.

ತಣ್ಣಗೇ ಮಡಚುವಾಗ ಒಳ ರೇಡಿಯಸ್ ದಪ್ಪದ ಎರಡು ಪಟ್ಟು ಇಡಿ. ರೋಲಿಂಗ್ ದಿಕ್ಕಿಗೆ ಅಡ್ಡವಾಗಿ ಮಡಚುವ ಗೆರೆ ಬರಲಿ. ಉದ್ದಕ್ಕೇ ಬಂದರೆ ಎರಡೂವರೆ, ಮೂರು ಪಟ್ಟಿಗೆ ಏರಿಸಿ. ಸ್ಪ್ರಿಂಗ್ ಬ್ಯಾಕ್ ಎಂಎಸ್‌ಗಿಂತ ಹೆಚ್ಚು, ಒಂದೆರಡು ಡಿಗ್ರಿ ಹೆಚ್ಚು ಮಡಚಬೇಕು. ಒಂದೇ ಲಾಟಿನಲ್ಲಿ ಬೇರೆ ಬೇರೆ ಹೀಟ್ ಬೆರೆತಿದ್ದರೆ ಪ್ರತಿ ತುಂಡಿಗೂ ಕೋನ ಬದಲಾಗುತ್ತದೆ, ಹಾಗಾಗಿ ಹೀಟ್ ಪ್ರಕಾರ ಬೇರ್ಪಡಿಸಿ ಮಡಚಿ. ಪ್ರೆಸ್ಸಿನ ಟನ್ನೇಜನ್ನೂ ಲೆಕ್ಕ ಹಾಕಿ. 10 ಮಿಮೀ ಪ್ಲೇಟು, 100 ಮಿಮೀ ವಿ ಡೈಗೆ ಎಂಎಸ್ ಆದರೆ ಮೀಟರಿಗೆ ಸುಮಾರು 60 ಟನ್, ಇ350ಕ್ಕೆ 71. ಹಾಗಾಗಿ 200 ಟನ್ ಪ್ರೆಸ್ಸಿನಲ್ಲಿ 3 ಮೀಟರ್ ಉದ್ದ ಎಂಎಸ್ ಬಾಗಬಹುದು, ಇ350 ಬಾಗದು.

ಮಡಚುವಾಗ ಬಿರುಕು ಬಿಟ್ಟಿತೆಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಪ್ಲೇಟಲ್ಲ, ಅಂಚು. ಶಿಯರಿಂಗ್ ಮಾಡಿದ ಅಂಚಿನ ಬರ್, ಗ್ಯಾಸ್ ಕಟಿಂಗಿನ ಗೀರು, ಎರಡನ್ನೂ ಮಡಚುವ ಜಾಗದಲ್ಲಿ ಒಂದೆರಡು ಮಿಮೀ ಗ್ರೈಂಡ್ ಮಾಡಿ ಮೂಲೆ ಉರುಟು ಮಾಡಿದರೆ ಬಿರುಕು ಬಹುಮಟ್ಟಿಗೆ ನಿಲ್ಲುತ್ತದೆ. ಗಾಳಿ ಪ್ಲಾಸ್ಮಾದಲ್ಲಿ ಕತ್ತರಿಸಿದ ಅಂಚು ಸಾರಜನಕ ಹೀರಿಕೊಂಡಿರುತ್ತದೆ. ಗ್ರೈಂಡ್ ಮಾಡದೆ ವೆಲ್ಡ್ ಹಾಕಿದರೆ ತೂತುತೂತು.

ಎಲ್ಲಿ ದುಡ್ಡು ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ

ಉಕ್ಕಿನ ರಚನೆಗಳ ಭಾರತೀಯ ಕೋಡ್ ಐಎಸ್ 800ರ ಪ್ರಕಾರ ಈಲ್ಡನ್ನು 1.1ರಿಂದ ಭಾಗಿಸಿ ಲೆಕ್ಕಕ್ಕೆ ಹಿಡಿಯುತ್ತೇವೆ: ಇ250ಕ್ಕೆ 227, ಇ350ಕ್ಕೆ 318 ಎಂಪಿಎ. 500 ಕಿಲೋನ್ಯೂಟನ್ ಎಳೆತಕ್ಕೆ ಮೊದಲನೆಯದರಲ್ಲಿ 2,200 ಚದರ ಮಿಮೀ ಬೇಕು, ಎರಡನೆಯದರಲ್ಲಿ 1,571. ಮೀಟರಿಗೆ 17.3 ಕಿಲೋ ಬದಲು 12.3 ಕಿಲೋ. ಎಳೆತದ ಸದಸ್ಯಗಳಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಬೋಲ್ಟ್ ತೂತಿದ್ದರೆ ನೆಟ್ ಸೆಕ್ಷನ್ ಬೇರೆ ನೋಡಬೇಕು, ಅಲ್ಲಿ ಲಾಭ ಸ್ವಲ್ಪ ಕಡಿಮೆ.

ಬಾಗುವ ಪ್ಲೇಟಿನಲ್ಲಿ, ಉದಾಹರಣೆಗೆ ಟಿಪ್ಪರಿನ ತಳದಲ್ಲಿ, ಬಲ ದಪ್ಪದ ವರ್ಗಕ್ಕೆ ಅನುಪಾತ. 10 ಮಿಮೀ ಬದಲು ಲೆಕ್ಕಕ್ಕೆ 8.45 ಸಾಕು, ತೂಕದಲ್ಲಿ ಶೇ 15 ಉಳಿತಾಯ. ಆದರೆ ಜಗ್ಗುವುದು ದಪ್ಪದ ಘನಕ್ಕೆ ವಿಲೋಮ. ಅದು 1.66 ಪಟ್ಟು ಹೆಚ್ಚುತ್ತದೆ. ನಯೋಬಿಯಂ ಎಷ್ಟೇ ಹಾಕಿದರೂ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ 200 ಗಿಗಾಪಾಸ್ಕಲ್ ಸುತ್ತಲೇ ಇರುತ್ತದೆ. ಹಾಗಾಗಿ ಜಗ್ಗುವಿಕೆಯ ಮಿತಿಯೇ ಸೈಜ್ ನಿರ್ಧರಿಸುವ ಮೆಜನೈನ್ ಬೀಮ್, ಉದ್ದ ಪರ್ಲಿನ್, ಕ್ರೇನ್ ಗರ್ಡರ್‌ಗೆ ಇ350 ಹಾಕಿ ಸೆಕ್ಷನ್ ಸಣ್ಣದು ಮಾಡಲು ಬರುವುದಿಲ್ಲ. ಉದ್ದನೆಯ ತೆಳು ಕಂಬಕ್ಕೂ ಅದೇ. ಸ್ಲೆಂಡರ್‌ನೆಸ್ 150 ಇದ್ದರೆ ಆಯ್ಲರ್ ಬಕ್ಲಿಂಗ್ ಒತ್ತಡ 88 ಎಂಪಿಎ, ಎರಡೂ ಗ್ರೇಡಿಗೆ ಅಷ್ಟೇ. ಅಂಥ ಕಡೆ ಇ350 ಕೊಳ್ಳುವುದು ದಂಡ.

ತೆಳುವಾದ ಫ್ಲೇಂಜ್ ತಾನೇ ಸುಕ್ಕುಗಟ್ಟುವ ಮಿತಿಯೂ ಬಿಗಿಯಾಗುತ್ತದೆ. ವೆಲ್ಡ್ ಮಾಡಿದ ಸೆಕ್ಷನ್ನಿನಲ್ಲಿ ಫ್ಲೇಂಜಿನ ಹೊರಚಾಚು ದಪ್ಪದ 8.4 ಪಟ್ಟಿನವರೆಗೆ ಪ್ಲಾಸ್ಟಿಕ್ ವರ್ಗ (ಸುಕ್ಕುಗಟ್ಟದೆ ಪೂರ್ತಿ ಬಲ ಕೊಡುವ ವರ್ಗ) ಎಂಬುದು ಇ250ಕ್ಕೆ, ಇ350ಕ್ಕೆ 7.1. ಬರೀ ದಪ್ಪ ಇಳಿಸಿ ಅಗಲ ಹಾಗೇ ಬಿಟ್ಟರೆ ಕೆಳಗಿನ ವರ್ಗಕ್ಕೆ ಜಾರುತ್ತೀರಿ. ಇನ್ನು ಆಯಾಸದ (ಪದೇ ಪದೇ ಹೊರೆ ಬಿದ್ದು ಬಿರುಕು ಬಿಡುವುದರ) ವಿಷಯ: ವೆಲ್ಡ್ ಜಾಯಿಂಟಿನ ಆಯುಸ್ಸು ತಾಯಿ ಲೋಹದ ಬಲದಿಂದ ಹೆಚ್ಚುವುದಿಲ್ಲ. ಪ್ಲೇಟು ತೆಳುವಾಗಿ ಒತ್ತಡ ಏರಿದರೆ ಆಯುಸ್ಸು ಇಳಿಯುತ್ತದೆ. ದಿನವಿಡೀ ಅದುರುವ ವೈಬ್ರೇಟಿಂಗ್ ಸ್ಕ್ರೀನಿನ ಚೌಕಟ್ಟನ್ನು ಇ350 ಮಾಡಿ ತೆಳುಗೊಳಿಸಬೇಡಿ.

ಗ್ಯಾಲ್ವನೈಸಿಂಗಿಗೆ ಹೋಗುವ ಮಾಲಾದರೆ ಸಿಲಿಕಾನ್ ನೋಡಿಕೊಳ್ಳಿ. 0.04ರಿಂದ 0.12ರ ನಡುವೆ ಇದ್ದರೂ, 0.25 ದಾಟಿದರೂ ಸತುವಿನ ಪದರ ಅತಿ ದಪ್ಪವಾಗಿ, ಮಸುಕು ಬೂದಿ ಬಣ್ಣಕ್ಕೆ ಬಂದು, ಪೆಟ್ಟಿಗೆ ಸಿಪ್ಪೆ ಏಳುತ್ತದೆ. 0.15ರಿಂದ 0.22ರ ಪಟ್ಟಿ ಚೆನ್ನಾಗಿ ಬರುತ್ತದೆ. ಟವರ್ ಆ್ಯಂಗಲ್ ಕೊಳ್ಳುವವರು ಇದನ್ನು ಮಿಲ್ಲಿನವರಿಗೆ ಮೊದಲೇ ಹೇಳಬೇಕು, ಮಾನಕ 0.45ರವರೆಗೂ ಬಿಡುತ್ತದೆ.

ಇ410, ಇ450 ಕೂಡ ಇದೇ ಕುಟುಂಬ. ಮಿಲ್ಲಿನ ಶಿಸ್ತು ಇನ್ನೂ ಹೆಚ್ಚು ಬೇಕು, ಚಿಲ್ಲರೆ ಅಂಗಡಿಯಲ್ಲಿ ದಾಸ್ತಾನು ಕಡಿಮೆ. ಟ್ರೇಲರ್ ತಯಾರಕರಂತೆ ಒಂದೇ ದಪ್ಪವನ್ನು ರಾಶಿಗಟ್ಟಲೆ ಕೊಳ್ಳುವವರಿಗೆ ಮಾತ್ರ ಲಾಭ.

ಬೆಲೆಯ ತಾಳೆ ಹೀಗೆ ನೋಡಿ. ಬಾಗುವ ಕೆಲಸಕ್ಕೆ ಕಿಲೋ ಬೆಲೆ ಎಂಎಸ್‌ಗಿಂತ ಶೇ 18 ಹೆಚ್ಚಿದ್ದರೆ ಮಾಲಿನ ಖರ್ಚು ಸಮಸಮ, ಎಳೆತದ ಕೆಲಸಕ್ಕೆ ಶೇ 40. ಅದಕ್ಕಿಂತ ಕಡಿಮೆ ಅಂತರವಿದ್ದರೆ ಇ350 ಅಗ್ಗ. ವಾಹನದ ಬಾಡಿಯಲ್ಲಿ ಇಳಿದ ತೂಕ ಪ್ರತಿ ಟ್ರಿಪ್ಪಿನ ಲೋಡಿಗೆ ಸೇರುವುದರಿಂದ ಅಂತರ ಇನ್ನಷ್ಟು ಹೆಚ್ಚಿದ್ದರೂ ಕೊಳ್ಳಬಹುದು.

ಆರ್ಡರಿನಲ್ಲಿ ಬರೀ ‘ಇ350’ ಎಂದು ಬರೆದರೆ ಡೀಲರ್ ತನ್ನ ಬಳಿ ಇದ್ದದ್ದನ್ನು ಕಳಿಸುತ್ತಾನೆ, ಅದು ಅವನ ತಪ್ಪಲ್ಲ. ಹೀಗೆ ಬರೆಯಿರಿ: ಐಎಸ್ 2062 ಇ350ಬಿಆರ್, ಕೋಣೆ ತಾಪಮಾನದ ಚಾರ್ಪಿ ಸಹಿತ, ಇಂಗಾಲ ಗರಿಷ್ಠ 0.16, ಕಾರ್ಬನ್ ಈಕ್ವಿವೆಲೆಂಟ್ ಗರಿಷ್ಠ 0.41, ನಯೋಬಿಯಂ ಅಥವಾ ವೆನೇಡಿಯಂ ಮಿಶ್ರಿತ, ಪ್ರಮಾಣವನ್ನು ಟಿಸಿಯಲ್ಲಿ ನಮೂದಿಸಬೇಕು, ಡೆಲಿವರಿ ಕಂಡಿಶನ್ ತಿಳಿಸಬೇಕು, 25 ಮಿಮೀ ಮೇಲ್ಪಟ್ಟ ಪ್ಲೇಟಿಗೆ ಅಲ್ಟ್ರಾಸಾನಿಕ್ ಪರೀಕ್ಷೆ, ದಪ್ಪದ ದಿಕ್ಕಿನಲ್ಲಿ ಎಳೆತ ಬರುವ ಜಾಯಿಂಟ್ ಇದ್ದರೆ ಝಡ್25 ಅಥವಾ ಝಡ್35 (ಆ ದಿಕ್ಕಿನ ಎಳೆತಕ್ಕೆ ಪರೀಕ್ಷಿಸಿದ ಗ್ರೇಡುಗಳು). ಇಷ್ಟು ಬರೆದ ಆರ್ಡರಿಗೆ ಮಾಲು ಬರಲು ಕೆಲವು ದಿನ ಹೆಚ್ಚು ಹಿಡಿಯಬಹುದು. ಉತ್ಪಾದನೆಯ ವೇಳಾಪಟ್ಟಿಯನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.